ದಿಂಬು ಅಪ್ಪಿಕೊಂಡು ಕೆಮ್ಮಿ, ಹೆದರಬೇಡಿ

ಈ ಸಲ ಬಂದ ಪತ್ರಗಳಲ್ಲಿ ಐದನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಐದೂ ಹೃದಯದ ಆಪರೇಷನ್ ಆದವರ, ಇಲ್ಲವೇ ಆಗಬೇಕಾದವರ ಮನೆಯಿಂದ ಬಂದವು. ಎಲ್ಲರದ್ದೂ ಒಂದೇ ಹೆದರಿಕೆ: ಎದೆಯಲ್ಲಿ ಇನ್ಫೆಕ್ಷನ್. ನಾನು ಡಾಕ್ಟರಲ್ಲ. ಇಪ್ಪತ್ತಾರು ವರ್ಷ ಹೃದಯದ ಆಪರೇಷನ್ ಆದವರ ಐಸಿಯುನಲ್ಲಿ ನರ್ಸ್ ಆಗಿದ್ದೆ, ಈಗ ಅಂಕೋಲಾದ ಮನೆಗೆ ಬಂದಿದ್ದೇನೆ. ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಆದರೆ ರಾತ್ರಿ ಮೂರು ಗಂಟೆಗೆ ರೋಗಿಯ ಬೆನ್ನಿಗೆ ಕೈ ಕೊಟ್ಟು ಕೂರಿಸಿ ಕಫ ತೆಗೆಸಿದ ಅನುಭವ ಇದೆ. ಅದರಿಂದಲೇ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಸಿಸ್ಟರ್, ನನ್ನ ಅಪ್ಪನಿಗೆ 62 ವರ್ಷ. ಮೊದಲು ಬೋಟಿಗೆ ಹೋಗುತ್ತಿದ್ದರು. ಬೈಪಾಸ್ ಆಗಿ ಹದಿನಾಲ್ಕು ದಿನ, ಮನೆಗೆ ಬಂದು ಆರು ದಿನ. ಎರಡು ದಿನದಿಂದ ಜ್ವರ, ಹಳದಿ ಕಫ, ನಡೆದರೆ ಏದುಸಿರು. ಇಲ್ಲಿನ ಡಾಕ್ಟರು ‘ಎದೆಯಲ್ಲಿ ಇನ್ಫೆಕ್ಷನ್ ಆದ ಹಾಗಿದೆ, ಎಕ್ಸ್‌ರೇ ಮಾಡಿಸಿ’ ಎಂದರು. ಹೊಲಿಗೆಯ ಒಳಗೆ ಕೀವಾಗಿದೆ ಎಂದು ಆಯಿ ಅಳುತ್ತಾ ಕೂತಿದ್ದಾಳೆ. ಹೊಲಿಗೆ ಬಿಟ್ಟುಹೋಗುತ್ತದೆ ಎಂದು ಅಪ್ಪ ಬಂದ ಕೆಮ್ಮನ್ನೂ ನುಂಗುತ್ತಾರೆ. ಎಕ್ಸ್‌ರೇ ಎರಡು ದಿನ ಬಿಟ್ಟು ಮಾಡಿಸಬಹುದಾ?
– ಹೆಸರು ಬೇಡ, ಬೇಲೆಕೇರಿ

ಉತ್ತರ: ತಂಗೀ, ನಿಮ್ಮ ಪತ್ರ ಓದಿದ ಕೂಡಲೇ ಫೋನ್ ಮಾಡಿ ‘ಎರಡು ದಿನ ಬೇಡ, ಈಗಲೇ ಹೊರಡಿ’ ಎಂದೆ. ನೀವು ಹೊರಟಿರಿ. ಎಡಗಡೆ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯಾ ಕಂಡಿತು, ಐದು ದಿನ ಅಡ್ಮಿಟ್ ಆಗಿ ಈಗ ಮನೆಯಲ್ಲಿದ್ದಾರೆ. ಹಾಗಾಗಿ ಈ ಉತ್ತರ ನಿಮಗಿಂತ ಜಾಸ್ತಿ, ನಿಮ್ಮ ಹಾಗೆ ‘ಎರಡು ದಿನ ನೋಡೋಣ’ ಎಂದುಕೊಂಡಿರುವ ಬೇರೆ ಮನೆಯವರಿಗೆ.

ಮೊದಲು ಆಯಿಯ ಕಣ್ಣೀರಿನ ವಿಷಯ. ‘ಎದೆಯಲ್ಲಿ ಇನ್ಫೆಕ್ಷನ್’ ಎಂದರೆ ಎರಡು ಬೇರೆ ಬೇರೆ ತೊಂದರೆ ಆಗಿರಬಹುದು. ಒಂದು ಶ್ವಾಸಕೋಶದ್ದು. ಕಫ, ಜ್ವರ, ಏದುಸಿರು ಅದರ ಲಕ್ಷಣ. ಇನ್ನೊಂದು ಕೊಯ್ದ ಗಾಯದ್ದು, ಇಲ್ಲವೇ ಅದರ ಕೆಳಗಿನ ಎಲುಬಿನದು. ಅದರಲ್ಲಿ ಗಾಯ ಕೆಂಪಾಗುತ್ತದೆ, ನೀರೋ ಕೀವೋ ಒಸರುತ್ತದೆ. ಡಾಕ್ಟರು ಗಡಿಬಿಡಿಯಲ್ಲಿ ‘ಚೆಸ್ಟ್ ಇನ್ಫೆಕ್ಷನ್’ ಎಂದು ಹೇಳಿ ಮುಂದಿನ ರೋಗಿಯನ್ನು ಕರೆಯುತ್ತಾರೆ. ಮನೆಯವರು ಹೊಲಿಗೆ ನೋಡಿಕೊಂಡು ಹೆದರುತ್ತಾರೆ. ಯಾರೇ ಹಾಗೆ ಹೇಳಿದರೂ ‘ಶ್ವಾಸಕೋಶದಲ್ಲಾ, ಗಾಯದಲ್ಲಾ?’ ಎಂದು ಕೇಳಿ. ಸಂಕೋಚ ಮಾಡಬೇಡಿ. ನಿಮ್ಮ ಅಪ್ಪನಿಗೆ ಆದದ್ದು ಮೊದಲನೆಯದು. ಗಾಯ ಚೆನ್ನಾಗಿಯೇ ಒಣಗುತ್ತಿದೆ.

ಆಪರೇಷನ್ ಹೃದಯದ್ದು, ಶ್ವಾಸಕೋಶಕ್ಕೆ ಯಾಕೆ ತೊಂದರೆ? ಹೃದಯವನ್ನು ನಿಲ್ಲಿಸಿ ಆಪರೇಷನ್ ಮಾಡುವಾಗ ರಕ್ತವನ್ನು ಹಾರ್ಟ್-ಲಂಗ್ ಮಷೀನ್ ಓಡಿಸುತ್ತದೆ. ಅಷ್ಟು ಹೊತ್ತು ಶ್ವಾಸಕೋಶಕ್ಕೆ ಕೆಲಸವಿಲ್ಲ. ಗಾಳಿ ಹೋದ ಬಲೂನಿನಂತೆ ಅದು ಕುಗ್ಗುತ್ತದೆ, ಬುಡದ ಸಣ್ಣ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ. ಮಷೀನ್ ಇಲ್ಲದೆ ಮಾಡುವ ಬೈಪಾಸ್ ಕೂಡ ಇದೆ, ಅದರಲ್ಲೂ ಅರಿವಳಿಕೆ ಮತ್ತು ನೋವಿನಿಂದ ಇದೇ ತೊಂದರೆ ಬರುತ್ತದೆ. ಉಸಿರ್ನಾಳಕ್ಕೆ ಹಾಕಿದ ಟ್ಯೂಬಿನಿಂದ, ಕಫವನ್ನು ಮೇಲಕ್ಕೆ ತಳ್ಳುವ ನವಿರು ಕೂದಲುಗಳು ಕೆಲವು ದಿನ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಡಗಡೆಗೆ ಏಟು ಜಾಸ್ತಿ. ಬೈಪಾಸ್‌ನಲ್ಲಿ ಎದೆಗೂಡಿನ ಒಳಗೋಡೆಯಿಂದ ಬಿಡಿಸಿ ಹೃದಯಕ್ಕೆ ಜೋಡಿಸುವ ರಕ್ತನಾಳ ಹೆಚ್ಚಿನವರಿಗೆ ಎಡಗಡೆಯದೇ. ಆ ಬದಿಯಲ್ಲಿ ಸ್ವಲ್ಪ ನೀರು ತುಂಬುವುದೂ ಸಾಮಾನ್ಯ.

ಇಷ್ಟಾದ ಮೇಲೆ ನೋವು. ನೋವಿಗೆ ಹೆದರಿ ರೋಗಿ ಗಂಟಲ ಮಟ್ಟದಲ್ಲೇ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳುತ್ತಾನೆ. ಗಾಳಿ ಬುಡಕ್ಕೆ ಇಳಿಯುವುದೇ ಇಲ್ಲ. ಗಜನಿ ಗದ್ದೆಗೆ, ಅಂದರೆ ಹಿನ್ನೀರ ಬದಿಯ ಉಪ್ಪುನೀರಿನ ಗದ್ದೆಗೆ, ಉಬ್ಬರ-ಇಳಿತದ ನೀರು ಹೋಗಿ ಬರುತ್ತಿದ್ದರೆ ಸರಿ, ಬಾಗಿಲು ಮುಚ್ಚಿ ನೀರು ನಿಂತರೆ ನಾಲ್ಕು ದಿನಕ್ಕೆ ನಾರುತ್ತದಲ್ವಾ? ಕಫ ನಿಂತ ಶ್ವಾಸಕೋಶವೂ ಹಾಗೇ. ರೋಗಾಣುಗಳು ಬೆಳೆಯುವುದು ಅಲ್ಲಿ.

ನನ್ನ ಸ್ವಂತ ಅಣ್ಣನಿಗೂ ಹೀಗೇ ಆಯಿತು. ಆಪರೇಷನ್ ಬೇರೆ ಊರಿನಲ್ಲಿ ಆಗಿತ್ತು. ಮನೆಗೆ ಬಂದ ಐದನೇ ದಿನ ನೋಡಲು ಹೋದೆ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಮೂರು ಚೆಂಡಿನ ಆ ಪ್ಲಾಸ್ಟಿಕ್ ಸಾಮಾನು ಹಿಡಿದು, ಕೆನ್ನೆ ಉಬ್ಬಿಸಿ ಊದುತ್ತಿದ್ದ. ಚೆಂಡುಗಳು ತಳದಲ್ಲಿ ಕೂತಲ್ಲೇ ಕೂತಿದ್ದವು. ‘ಎಷ್ಟು ಊದಿದರೂ ಏಳುವುದಿಲ್ಲ ಮಾರಾಯ್ತಿ, ಹಾಳಾದದ್ದು ಕೊಟ್ಟಿದ್ದಾರೆ’ ಎಂದ. ಅದನ್ನು ಊದಬಾರದು, ಒಳಗೆ ಎಳೆಯಬೇಕು ಎಂದು ಯಾರೂ ಅವನಿಗೆ ಬಿಡಿಸಿ ಹೇಳಿರಲಿಲ್ಲ. ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟೆ. ಬಲಗಡೆ ಗಾಳಿ ಬುಡದವರೆಗೂ ಹೋಗುತ್ತಿತ್ತು. ಎಡಗಡೆ ಹೆಗಲ ಮೂಳೆಯ ಕೆಳಗೆ ಸದ್ದು ಕ್ಷೀಣವಾಯಿತು. ಇನ್ನೂ ಕೆಳಗೆ ಹೋದರೆ, ಕಿವಿಯ ಹತ್ತಿರ ಕೂದಲನ್ನು ಬೆರಳಲ್ಲಿ ಉಜ್ಜಿದ ಹಾಗೆ ಚರಚರ. ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೂರಾರು ಜನಕ್ಕೆ ಕಲಿಸಿದವಳು ನಾನು. ದಿನಾ ಫೋನಿನಲ್ಲಿ ‘ವ್ಯಾಯಾಮ ಮಾಡ್ತಾ ಇದ್ದೀಯಾ?’ ಎಂದು ಕೇಳಿದ್ದೆ. ‘ಹೇಗೆ ಮಾಡ್ತಿದ್ದೀಯಾ?’ ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

ಆ ಸಾಮಾನಿಗೆ ಸ್ಪೈರೋಮೀಟರ್ ಎನ್ನುತ್ತಾರೆ. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಿ. ನಳಿಕೆಯನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ಸ್ಟ್ರಾದಿಂದ ಎಳನೀರು ಎಳೆದ ಹಾಗೆ ನಿಧಾನ ಎಳೆಯಿರಿ. ಚೆಂಡಿನ ಕೊಳವೆಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಸೆಕೆಂಡಿಗೆ ಎಷ್ಟು ಮಿ.ಲೀ. ಗಾಳಿ ಒಳಗೆ ಹೋಗುತ್ತಿದೆ ಎಂಬ ಲೆಕ್ಕ ಅದು. ಮೂರೂ ಚೆಂಡು ಒಂದೇ ಏಟಿಗೆ ಹಾರಿಸುವ ಹಠ ಬೇಡ. ಒಂದೋ ಎರಡೋ ಚೆಂಡು ಮೇಲೆ ಮೂರು ಎಣಿಸುವಷ್ಟು ಹೊತ್ತು ನಿಂತರೆ ಅದೇ ಒಳ್ಳೆಯದು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ತಲೆ ತಿರುಗಿದರೆ ನಿಲ್ಲಿಸಿ ಸುಧಾರಿಸಿಕೊಳ್ಳಿ.

ಇನ್ನು ಕೆಮ್ಮು. ಕೊಯ್ದ ಎದೆಯೆಲುಬನ್ನು ಸ್ಟೀಲ್ ತಂತಿಯಿಂದ ಬಿಗಿದಿರುತ್ತಾರೆ. ಅದನ್ನು ತೆಗೆಯುವುದಿಲ್ಲ, ಜೀವನಪೂರ್ತಿ ಒಳಗೇ ಇರುತ್ತದೆ. ಎಲುಬು ಕೂಡಿಕೊಳ್ಳುವ ಎರಡು-ಮೂರು ತಿಂಗಳು ಎದೆಗೆ ಹೊರಗಿನಿಂದ ಒತ್ತು ಕೊಟ್ಟು ಕೆಮ್ಮಬೇಕು. ಗಟ್ಟಿ ದಿಂಬು, ಇಲ್ಲದಿದ್ದರೆ ಮಡಚಿದ ಚಾದರ ಸಾಕು. ನೆಟ್ಟಗೆ ಕೂತು ಎರಡು ಮೂರು ದೊಡ್ಡ ಉಸಿರು ತೆಗೆದುಕೊಳ್ಳಿ. ದಿಂಬನ್ನು ಎರಡೂ ಕೈಯಲ್ಲಿ ಎದೆಗೆ ಅವಚಿ ಹಿಡಿಯಿರಿ. ಕನ್ನಡಕ ಒರೆಸುವ ಮೊದಲು ಗಾಜಿನ ಮೇಲೆ ‘ಹಾ’ ಎಂದು ಬಿಸಿಯುಸಿರು ಬಿಡುತ್ತೇವಲ್ಲ, ಹಾಗೆ ಎರಡು ಸಲ ಜೋರಾಗಿ ಬಿಡಿ. ಕಫ ಮೇಲೆ ಬಂದದ್ದು ಗೊತ್ತಾಗುತ್ತದೆ. ಆಮೇಲೆ ಕೆಮ್ಮಿ ಉಗಿಯಿರಿ. ನೋವಿನ ಮಾತ್ರೆ ತೆಗೆದುಕೊಂಡು ಅರ್ಧ ಗಂಟೆ ಬಿಟ್ಟು ಮಾಡಿದರೆ ಸುಲಭ. ‘ಮಾತ್ರೆ ಬೇಡ, ತಡೆದುಕೊಳ್ಳುತ್ತೇನೆ’ ಎನ್ನುವ ಗಂಡಸರು ನಮ್ಮ ಕಡೆ ಬಹಳ. ತಡೆದುಕೊಂಡವನು ಕೆಮ್ಮುವುದಿಲ್ಲ, ಕೆಮ್ಮದವನಿಗೆ ಕಫ ಕಟ್ಟುತ್ತದೆ. ಬರೆದುಕೊಟ್ಟ ಮಾತ್ರೆ ಕೊಡಿ.

ಹಗಲು ಹಾಸಿಗೆಯಲ್ಲಿ ಮಲಗಿಸಿಡಬೇಡಿ. ಕುರ್ಚಿಯಲ್ಲಿ ಕೂರಲಿ, ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಲಿ. ಬಚ್ಚಲ ಒಲೆಯ ಹೊಗೆ ಬರುವ ಕೋಣೆಯಲ್ಲಿ ಮಲಗುವುದು ಬೇಡ. ಇನ್ನೊಂದು ಮಾತು ಕಷ್ಟದ್ದು, ಆದರೂ ಹೇಳುತ್ತೇನೆ. ನೋಡಲು ಬರುವವರು ಪ್ರೀತಿಯಿಂದಲೇ ಬರುತ್ತಾರೆ, ಹಣ್ಣು ತರುತ್ತಾರೆ. ಮೂಗು ಸೋರುವ ಮಗುವನ್ನೂ ಕರೆದುಕೊಂಡು ಬರುತ್ತಾರೆ. ನೆಗಡಿ, ಕೆಮ್ಮು ಇದ್ದವರಿಗೆ ಬಾಗಿಲಲ್ಲೇ ‘ಒಂದು ತಿಂಗಳು ಬಿಟ್ಟು ಬನ್ನಿ’ ಎಂದು ಹೇಳಿ. ಬೇಜಾರಾದರೆ ನಾನು ಹೇಳಿದೆ ಎನ್ನಿ.

ಕಾಯಬಾರದ ಲಕ್ಷಣ ಯಾವುದು? ಜ್ವರ 100.4 ಡಿಗ್ರಿ ದಾಟಿದರೆ, ಕಫ ಹಳದಿ ಅಥವಾ ಹಸಿರಾದರೆ, ಬೆರಳಿಗೆ ಹಾಕುವ ಮೀಟರ್‌ನಲ್ಲಿ ಆಕ್ಸಿಜನ್ 92ಕ್ಕಿಂತ ಕೆಳಗೆ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸುಮ್ನೆ ಕೂತಾಗಲೂ ಏದುಸಿರು ಬಂದರೆ, ಕಫದಲ್ಲಿ ರಕ್ತ ಕಂಡರೆ, ಒಂದು ಮೀನಖಂಡ ಊದಿಕೊಂಡು ಜೊತೆಗೆ ದಿಢೀರ್ ಎದೆನೋವು ಬಂದರೆ 108ಕ್ಕೆ ಫೋನ್ ಮಾಡಿ. ವಯಸ್ಸಾದವರಿಗೆ ಜ್ವರವೇ ಬರದೆ ಇರಬಹುದು. ಊಟ ಬೇಡ ಎನ್ನುತ್ತಾರೆ, ಮಂಪರಾಗುತ್ತಾರೆ, ಮಾತು ಗೊಂದಲವಾಗುತ್ತದೆ. ಅದೂ ಲಕ್ಷಣವೇ. ಎರಡು-ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿ, ಕಾಲು ಬಾತು, ಮಲಗಿದರೆ ಉಸಿರು ಕಟ್ಟಿದರೆ ಅದು ಹೃದಯಕ್ಕೆ ಸುಸ್ತಾಗಿ ನೀರು ತುಂಬಿದ್ದೂ ಆಗಿರಬಹುದು. ನ್ಯುಮೋನಿಯಾಕ್ಕೂ ಇದಕ್ಕೂ ಚಿಕಿತ್ಸೆ ಬೇರೆ. ಮನೆಯಲ್ಲಿ ಕೂತು ಯಾವುದು ಎಂದು ಹೇಳಲು ಬರುವುದಿಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇನ್ನೊಂದು ಕಷ್ಟ ದಾರಿ. ಆಪರೇಷನ್ ಮಾಡಿದ ಆಸ್ಪತ್ರೆ ಮಣಿಪಾಲದಲ್ಲೋ ಮಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ಇರುತ್ತದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ನಮ್ಮಲ್ಲೇ ಬೇಕು ಎಂದು ಜನ ಎಷ್ಟು ಕಾಲದಿಂದ ಕೇಳುತ್ತಿದ್ದಾರೆ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಬಂದ್ ಆದದ್ದು ಯಾರಿಗೂ ಮರೆತಿಲ್ಲ. ಮಳೆಗಾಲದಲ್ಲಿ ‘ಅಲ್ಲಿಗೇ ಹೋಗಬೇಕು’ ಎಂದು ಕಾಯಬೇಡಿ. ಹತ್ತಿರದ ತಾಲೂಕು ಆಸ್ಪತ್ರೆಗೋ ಕಾರವಾರದ ಜಿಲ್ಲಾ ಆಸ್ಪತ್ರೆಗೋ ಮೊದಲು ಹೋಗಿ. ಎಕ್ಸ್‌ರೇ, ಆಕ್ಸಿಜನ್, ಮೊದಲ ಔಷಧಿ ಅಲ್ಲಿ ಆಗಲಿ. ಡಿಸ್ಚಾರ್ಜ್ ಕಾಗದ ಕೈಯಲ್ಲಿರಲಿ, ಅದರಲ್ಲಿರುವ ನಂಬರಿಗೆ ಅಲ್ಲಿಂದಲೇ ಡಾಕ್ಟರಿಂದ ಫೋನ್ ಮಾಡಿಸಿ.

ಪ್ರಶ್ನೆ: ನಮ್ಮನೆಯವರಿಗೆ 56 ವರ್ಷ, ಶುಗರ್ ಇದೆ. ಬೈಪಾಸ್ ಆಗಿ ಮೂರು ವಾರ. ಗಾಯದ ಕೆಳತುದಿಯಲ್ಲಿ ಹನಿ ಹನಿ ನೀರು ಬರುತ್ತಿದೆ. ಮಗ್ಗುಲು ಬದಲಿಸಿದರೆ ಎದೆಯೊಳಗೆ ‘ಕಟಕ್’ ಎನ್ನುತ್ತದೆ ಎನ್ನುತ್ತಾರೆ. ಜ್ವರ ಇಲ್ಲ. ತೋರಿಸುವ ತಾರೀಖು ಇನ್ನೂ ಒಂಬತ್ತು ದಿನ ಇದೆ. ಅಲ್ಲಿವರೆಗೆ ಅರಿಶಿನ ಹಚ್ಚಬಹುದೇ?
– ಶಿರಸಿ ಹತ್ತಿರದ ಓದುಗರು

ಉತ್ತರ: ಅಮ್ಮಾ, ಒಂಬತ್ತು ದಿನ ಅಲ್ಲ, ಒಂಬತ್ತು ಗಂಟೆಯೂ ಬೇಡ. ನಿಮಗೂ ಫೋನ್ ಮಾಡಿ ಇದನ್ನೇ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಉಳಿದವರು ಓದಲಿ ಎಂದು.

ನೀರು ಒಸರುವುದು ಮತ್ತು ‘ಕಟಕ್’ ಸದ್ದು, ಇವೆರಡೂ ಸೇರಿದರೆ ಎಲುಬು ಸರಿಯಾಗಿ ಕೂಡಿಲ್ಲ, ಕೆಳಗೆ ಸೋಂಕು ಇರಬಹುದು ಎಂದು ಅನುಮಾನಿಸಬೇಕು. ಜ್ವರ ಇಲ್ಲ ಎಂದು ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಶುಗರ್ ಇದ್ದವರಿಗೆ ಇದರ ಅಪಾಯ ಜಾಸ್ತಿ. ಎಲ್ಲರಿಗೂ ಹೀಗಾಗುವುದಿಲ್ಲ, ಆದವರಿಗೆ ಮಾತ್ರ ಬಹಳ ಗಂಭೀರ. ಮೇಲ್ಪದರದ ಸೋಂಕಾದರೆ ಡ್ರೆಸಿಂಗ್, ಆಂಟಿಬಯೋಟಿಕ್‌ನಲ್ಲಿ ಮುಗಿಯಬಹುದು. ಎಲುಬಿನ ಹಿಂದೆ, ಹೃದಯದ ಹತ್ತಿರ ಇಳಿದರೆ ಮತ್ತೆ ತೆರೆದು ತೊಳೆದು, ತಂತಿ ಬದಲಿಸಿ, ವಾರಗಟ್ಟಲೆ ಔಷಧಿ ಕೊಡಬೇಕಾಗುತ್ತದೆ.

ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಒಗೆದು ಒಣಗಿಸಿದ ಬಟ್ಟೆಯೂ ಮಳೆಗಾಲದಲ್ಲಿ ಪೂರ್ತಿ ಒಣಗಿರುವುದಿಲ್ಲ, ಅದನ್ನೂ ಗಾಯಕ್ಕೆ ಇಡಬೇಡಿ. ಮೆಡಿಕಲ್ ಶಾಪಿನ ಸ್ಟೆರೈಲ್ ಗಾಜ್ ಬಟ್ಟೆ ಇಟ್ಟು ಹೊರಡಿ. ಏಳುವಾಗ ಕೈಯೂರಿ ಏಳುವುದು ಬೇಡ. ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ನೀವು ಬೆನ್ನಿಗೆ ಕೈ ಕೊಟ್ಟು ಏಳಿಸಿ. ಎದೆಯೆಲುಬು ಕೂಡುವವರೆಗೆ ಬಾವಿಯಿಂದ ನೀರು ಸೇದುವುದು, ಅಡಿಕೆ ಮೂಟೆ ಎತ್ತುವುದು, ಬೈಕ್ ಓಡಿಸುವುದು ಯಾವುದೂ ಆಗದು. ತುಂಬಿದ ಕೊಡವೇ ಹತ್ತು ಕಿಲೋ ದಾಟುತ್ತದೆ ಎಂದು ನೆನಪಿರಲಿ.

ಪ್ರಶ್ನೆ: ಆಯಿಯ ಹೃದಯಕ್ಕೆ ಎಂಟು ವರ್ಷದ ಹಿಂದೆ ಲೋಹದ ವಾಲ್ವ್ (ಕವಾಟ) ಹಾಕಿದ್ದಾರೆ. ಆಸಿಟ್ರೋಮ್ ಮಾತ್ರೆ ದಿನಾ ಇದೆ. ಕೆಮ್ಮು-ಜ್ವರ ಬಂದಾಗ ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ಕೊಟ್ಟೆ. ಐದನೇ ದಿನ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ನಿಲ್ಲಲೇ ಇಲ್ಲ. ನನ್ನ ತಪ್ಪಾ?
– ಕುಮಟಾ

ಉತ್ತರ: ನೀವು ಮಾಡಿದ್ದು ಆಯಿಯ ಮೇಲಿನ ಕಾಳಜಿಯಿಂದ. ಆದರೆ ಹೌದು, ಇದು ಮಾಡಬಾರದ ಕೆಲಸ. ಮುಂದೆ ಮಾಡಬೇಡಿ.

ಆಸಿಟ್ರೋಮ್, ವಾರ್ಫರಿನ್ ಎರಡೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ಲೋಹದ ವಾಲ್ವ್ ಇದ್ದವರಿಗೆ ಅದು ಜೀವನಪೂರ್ತಿ. ಹಲವು ಆಂಟಿಬಯೋಟಿಕ್‌ಗಳು ಅದರ ಪ್ರಭಾವವನ್ನು ಹೆಚ್ಚಿಸುತ್ತವೆ. ಮೆಟ್ರೊನಿಡಜೋಲ್, ಸಿಪ್ರೊಫ್ಲಾಕ್ಸಸಿನ್, ಕ್ಲಾರಿತ್ರೋಮೈಸಿನ್ ಅಂಥವು. ಮೈಕೈ ನೋವಿಗೆ ತಿನ್ನುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೂಡ ರಕ್ತಸ್ರಾವದ ಅಪಾಯ ತರುತ್ತವೆ. ರಕ್ತ ಬಂತು ಎಂದು ಆಸಿಟ್ರೋಮ್ ಅನ್ನು ನೀವೇ ನಿಲ್ಲಿಸಲೂ ಬೇಡಿ, ವಾಲ್ವ್ ಮೇಲೆ ಹೆಪ್ಪುಗಟ್ಟಬಹುದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡುವ ಐಎನ್‌ಆರ್ ಪರೀಕ್ಷೆ ಅವತ್ತೇ ಮಾಡಿಸಿ, ಡಾಕ್ಟರು ಹೇಳಿದಂತೆ ಮಾಡಿ. ಯಾವುದೇ ಆಂಟಿಬಯೋಟಿಕ್ ಶುರುವಾದರೂ ಮೂರ್ನಾಲ್ಕು ದಿನದಲ್ಲಿ ಐಎನ್‌ಆರ್ ಒಮ್ಮೆ ನೋಡಲೇಬೇಕು.

ಇನ್ನೂ ದೊಡ್ಡ ವಿಷಯ ಒಂದಿದೆ. ವಾಲ್ವ್ ಹಾಕಿದವರಿಗೆ ಬರುವ ಜ್ವರ ಎಲ್ಲಾ ಸಲವೂ ಶೀತದ ಜ್ವರ ಆಗಿರುವುದಿಲ್ಲ. ರೋಗಾಣು ರಕ್ತದ ಮೂಲಕ ವಾಲ್ವಿಗೇ ಹೋಗಿ ಕೂತಿರಬಹುದು. ಅದನ್ನು ಪತ್ತೆ ಹಚ್ಚಲು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಬೇಕು, ಅದೂ ಆಂಟಿಬಯೋಟಿಕ್ ಶುರು ಮಾಡುವ ಮೊದಲು. ಅಂಗಡಿಯ ಮಾತ್ರೆ ನಾಲ್ಕು ನುಂಗಿದ ಮೇಲೆ ಕಲ್ಚರ್‌ನಲ್ಲಿ ರೋಗಾಣು ಸಿಗದೆ ಹೋಗಬಹುದು, ಕಾಯಿಲೆ ಮಾತ್ರ ಒಳಗೇ ಬೆಳೆಯುತ್ತದೆ. ಹಲ್ಲು ಕೀಳಿಸುವ ಮೊದಲೂ ‘ನನಗೆ ವಾಲ್ವ್ ಹಾಕಿದ್ದಾರೆ’ ಎಂದು ಆಯಿ ಹೇಳಲೇಬೇಕು. ಅವರಿಗೆ ಒಂದು ಗಂಟೆ ಮೊದಲು ಆಂಟಿಬಯೋಟಿಕ್ ಕೊಡುವ ಕ್ರಮ ಇದೆ. ಒಂದು ಚೀಟಿಯಲ್ಲಿ ಬರೆದು ಆಯಿಯ ಪರ್ಸಿನಲ್ಲಿ ಇಟ್ಟುಬಿಡಿ.

ಪ್ರಶ್ನೆ: ಆಪರೇಷನ್ ಆದವರಿಗೆ ಮೀನು, ಮೊಟ್ಟೆ ನಂಜು, ಗಾಯ ಕೀವಾಗುತ್ತದೆ ಎಂದು ಅತ್ತೆ ಬರೀ ಗಂಜಿ, ಉಪ್ಪಿನಕಾಯಿ ಕೊಡುತ್ತಿದ್ದಾರೆ. ಮಾವನವರು ಸೊರಗಿ ಹೋಗಿದ್ದಾರೆ.
– ಹೊನ್ನಾವರ

ಉತ್ತರ: ಅತ್ತೆಯ ಮೇಲೆ ಬೇಸರ ಬೇಡ. ಅವರು ಕಲಿತದ್ದು ಅವರ ಹಿರಿಯರಿಂದ. ಆದರೆ ಗಾಯ ಮಾಯಲು, ಸೋಂಕನ್ನು ಎದುರಿಸಲು, ಕೆಮ್ಮುವಷ್ಟು ಶಕ್ತಿ ಬರಲು ಪ್ರೋಟೀನ್ ಬೇಕೇ ಬೇಕು. ಬರೀ ಗಂಜಿಯಲ್ಲಿ ಅದು ಸಾಲದು. ಬಂಗಡೆ, ತಾರ್ಲೆ ಮೀನು ಹೃದಯಕ್ಕೂ ಒಳ್ಳೆಯದು. ಎಣ್ಣೆಯಲ್ಲಿ ಹುರಿಯದೆ ತೆಳು ಸಾರು ಮಾಡಿ ಕೊಡಿ. ತಿನ್ನದವರ ಮನೆಯಲ್ಲಿ ಹೆಸರುಕಾಳು, ತೊಗರಿಬೇಳೆ, ಮಜ್ಜಿಗೆ, ಮೊಸರು ಇದೆ. ಬಿಡಬೇಕಾದದ್ದು ಉಪ್ಪಿನಕಾಯಿ ಮತ್ತು ಒಣಮೀನು. ಅದರ ಉಪ್ಪಿಗೆ ಮೈಯಲ್ಲಿ ನೀರು ನಿಲ್ಲುತ್ತದೆ. ಯಾವುದನ್ನಾದರೂ ತಿಂದಾಗ ಮೊದಲಿನಿಂದಲೂ ಮೈ ತುರಿಸುತ್ತಿದ್ದರೆ ಅದನ್ನು ಮಾತ್ರ ಬಿಡಿ. ಶುಂಠಿ-ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ, ಕುಡಿಯಲಿ. ಅದು ಆಂಟಿಬಯೋಟಿಕ್ ಬದಲಿಗೆ ಅಲ್ಲ. ನೀರನ್ನು ಎಷ್ಟು ಕುಡಿಯಬೇಕು ಎಂಬುದನ್ನು ಡಿಸ್ಚಾರ್ಜ್ ಕಾಗದ ನೋಡಿ ಮಾಡಿ, ಕೆಲವರಿಗೆ ಮಿತಿ ಇರುತ್ತದೆ. ಅತ್ತೆಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ, ಕೇಳುತ್ತಾರೆ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಗಂಡನಿಗೆ ಬೈಪಾಸ್. ದಿನಾ ಬೀಡಿ ಸೇದುತ್ತಾರೆ, ಕವಳವೂ (ಎಲೆಯಡಿಕೆ) ಇದೆ. ಆಪರೇಷನ್ ಆದ ಮೇಲೆ ಬಿಡುತ್ತೇನೆ ಎನ್ನುತ್ತಾರೆ. ನಾವು ಈಗಿನಿಂದಲೇ ಏನಾದರೂ ಮಾಡಬಹುದಾ?
– ಕಾರವಾರ

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಮೊದಲೇ ಕೇಳುವವರು ತುಂಬಾ ಕಡಿಮೆ.

ಬೀಡಿ ಇವತ್ತೇ ನಿಲ್ಲಲಿ. ಬಿಟ್ಟು ನಾಲ್ಕು ವಾರ ಆದರೂ ಶ್ವಾಸಕೋಶಕ್ಕೆ ಉಪಕಾರ ಇದೆ, ಎಂಟು ವಾರ ಆದರೆ ಇನ್ನೂ ಒಳ್ಳೆಯದು. ಬೀಡಿ ಸೇದುವವರ ಕಫದ ಕಷ್ಟವನ್ನು ನಾನು ಐಸಿಯುನಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಟ್ಯೂಬ್ ತೆಗೆದ ಮೇಲೆ ಕಫ ಬರುತ್ತಲೇ ಇರುತ್ತದೆ, ಉಗಿಯಲು ಶಕ್ತಿ ಇರುವುದಿಲ್ಲ, ಕಣ್ಣಲ್ಲಿ ನೀರು ಬರುತ್ತದೆ. ಮತ್ತೆ ಟ್ಯೂಬ್ ಹಾಕಬೇಕಾದವರೂ ಇದ್ದರು. ಇದನ್ನು ಹೆದರಿಸಲು ಹೇಳುತ್ತಿಲ್ಲ, ಅವರಿಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ. ಒಬ್ಬರಿಂದಲೇ ಬಿಡಲು ಆಗದಿದ್ದರೆ ಡಾಕ್ಟರು ಸಹಾಯ ಮಾಡುತ್ತಾರೆ, ಅದಕ್ಕೆ ಔಷಧಿ ಇದೆ.

ಕವಳದ ಬಾಯಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ಹುಳುಕು ಹಲ್ಲು, ಕೀವಿನ ಒಸಡು ಇದ್ದರೆ ಮೊದಲೇ ಸರಿ ಮಾಡಿಸಿ. ಬಾಯಿಯ ರೋಗಾಣು ಟ್ಯೂಬಿನ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಳಿಗ್ಗೆ-ರಾತ್ರಿ ಹಲ್ಲುಜ್ಜುವುದು ಇಷ್ಟು ದೊಡ್ಡ ಕೆಲಸ ಎಂದು ನನಗೂ ಐಸಿಯುಗೆ ಸೇರಿದ ಮೇಲೆಯೇ ಗೊತ್ತಾದದ್ದು. ಶುಗರ್ ಇದ್ದರೆ ಈಗಲೇ ಹಿಡಿತಕ್ಕೆ ತನ್ನಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸಬೇಕು ಎಂದು ಕೇಳಿ. ಹಿಂದಿನ ದಿನ ಮನೆಯಲ್ಲಿ ಬ್ಲೇಡಿನಿಂದ ಎದೆಯ ಕೂದಲು ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಸೋಂಕು ಸೇರುತ್ತದೆ. ಬೇಕಾದರೆ ಆಸ್ಪತ್ರೆಯಲ್ಲೇ ಟ್ರಿಮ್ಮರ್‌ನಿಂದ ತೆಗೆಯುತ್ತಾರೆ.

ಮೂರು ಚೆಂಡಿನ ಸ್ಪೈರೋಮೀಟರ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ, ಈಗಲೇ ತನ್ನಿ. ಆಪರೇಷನ್‌ಗೆ ಮೊದಲೇ ಉಸಿರಿನ ವ್ಯಾಯಾಮ ಮಾಡಿದವರಿಗೆ ನ್ಯುಮೋನಿಯಾ ಕಡಿಮೆ ಎಂದು ಅಧ್ಯಯನಗಳಲ್ಲೂ ಕಂಡಿದೆ. ಡಾಕ್ಟರನ್ನು ಒಂದು ಮಾತು ಕೇಳಿ, ಎದೆನೋವು ಬರದ ಮಟ್ಟದಲ್ಲಿ ದಿನಕ್ಕೆ ನಾಲ್ಕೈದು ಸಲ ಮಾಡಿಸಿ. ಒಳಗೆ ಎಳೆಯುತ್ತಿದ್ದಾರಾ, ಊದುತ್ತಿದ್ದಾರಾ ಎಂದು ಎದುರಿಗೆ ಕೂತು ನೀವೇ ನೋಡಿ. ದಿಂಬು ಹಿಡಿದು ಕೆಮ್ಮುವುದನ್ನೂ ಈಗಲೇ ರೂಢಿ ಮಾಡಿಸಿ. ಆಸ್ಪತ್ರೆಗೆ ಹೋಗುವಾಗ ಮನೆಯ ಒಂದು ಗಟ್ಟಿ ದಿಂಬು, ಒಗೆದ ಕವರ್ ಎರಡು ಚೀಲದಲ್ಲಿ ಇಟ್ಟುಕೊಳ್ಳಿ. ತಾರೀಖು ಗೊತ್ತಾದ ಮೇಲೆ ನನಗೊಂದು ಕಾಗದ ಹಾಕಿ, ಆಪರೇಷನ್ ಆದ ಮೇಲೆ ಇನ್ನೊಂದು.